ಕೆಂಪು ಮೂಳೆ

ಟಕ್ — ಮತ್ತೆ ಟಕ್, ಮೂಳೆಗೆ ಮೂಳೆ ತಾಗಿದ ಸದ್ದು, ಕಂಬಳಿಯ ಮೇಲೆ ಕುರಿಯ ಗೆಣ್ಣುಮೂಳೆಗಳು, ಎಲ್ಲ ಬಿಳಿ, ಒಂದು ಮಾತ್ರ ಕೆಂಪು, ಅದೇ ಆಟದ ಖಾನ್, ಅಂದರೆ ರಾಜ, ಆಡುತ್ತಿರುವವಳು ನಾನೊಬ್ಬಳೇ, ನನ್ನ ಮಗ ಎರ್ಮೆಕ್ ಒಲೆಯ ಪಕ್ಕ ಬೆನ್ನು ತಿರುಗಿಸಿ ಕೂತಿದ್ದಾನೆ, ಕೂರಲಿ, ನಾನು ಕರೆಯುವುದಿಲ್ಲ, ಕರೆದು ಕರೆದೇ ಐದು ದಿನ ಹಾಳುಮಾಡಿಕೊಂಡೆ — ಬಾ ಮರಿ, ಎಣಿಸು ಮರಿ, ಇದ್ಯಾವ ಬಣ್ಣ ಹೇಳು ಮರಿ, ಥೂ, ಶಾಲೆಯಲ್ಲಿ ಪಾಠ ಹೇಳುವ ಚಾಳಿ ಮನೆಯಲ್ಲೂ ಬಿಡಲಿಲ್ಲ ನನ್ನನ್ನು. ಹಿಟ್ಟು ಕಲಸಿ ಕುದುರೆ ಮಾಡಿಕೊಟ್ಟರೆ ಕುದುರೆ ಗೋಡೆಗೆ ಹೋಯಿತು, ಉಣ್ಣೆ ಹಿಂಜೋಣ ಅಂದರೆ ಉಣ್ಣೆಯ ಮೇಲೆಯೇ ಬಿದ್ದು ಫೋನು, ಫೋನು ಎಂದು ಉಸಿರು ಕಟ್ಟುವ ಹಾಗೆ ಅತ್ತ, ಅವನ ಜೊತೆ ನಾನೂ ಅತ್ತೆ, ಗಂಡ ತಾಲಾಯ್ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ, ಕೊಟ್ಬಿಡೇ ಮಾರಾಯ್ತಿ, ಐದು ನಿಮಿಷಕ್ಕೆ ಲೋಕ ಮುಳುಗುತ್ತಾ, ಎಂದ. ಮುಳುಗುತ್ತದೆ. ಕೊಡುವುದಿಲ್ಲ. ಫೋನು ಹಿಟ್ಟಿನ ಪೆಟ್ಟಿಗೆಯೊಳಗಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಅತ್ತೆ ಕಾಲಿನ ಚಿಕಿತ್ಸೆಗೆ ಹೊರಡುವಾಗ ಎಲ್ಲರ ಮುಂದೆ ಹೇಳಿದ್ದಾರಲ್ಲ, ಹತ್ತು ದಿನ ಇವನ್ನ ನಿನ್ನ ಹತ್ರ ಬಿಡ್ತೀನಿ ಹುಡುಗಿ, ಫೋನಿಲ್ದೆ ಉಂಡು ಆಡಿ ನಕ್ಕೊಂಡಿದ್ರೆ ನಿನ್ನ ಹತ್ರಾನೇ ಇರ್ಲಿ, ಇಲ್ದಿದ್ರೆ ಇನ್ನು ಆ ಮಾತೆತ್ತಬೇಡ.

ಮೊದಲ ಮಗ ಅಜ್ಜಿಯ ಮಡಿಲಿಗೆ, ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೇ, ನಾನೇನು ಹೊಸಬಳೇ, ಅವನು ಹುಟ್ಟಿದ ನಲವತ್ತನೇ ದಿನದ ಔತಣಕ್ಕೆ ಕಡಿದ ಕುರಿಯ ಮಾಂಸ ಇನ್ನೂ ಹಂಡೆಯಲ್ಲಿ ಕುದಿಯುತ್ತಿತ್ತು, ಅವನನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಹೊರಟೇಬಿಟ್ಟರು, ನನ್ನ ರವಿಕೆ ಹಾಲಿಗೆ ನೆನೆದಿತ್ತು, ಎಲ್ಲರೂ ಎಲುಬು ಚೀಪುತ್ತಿದ್ದಾಗ ಒಂದು ಗೆಣ್ಣುಮೂಳೆಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡೆ, ಆಮೇಲೆ ಬಣ್ಣ ಹಚ್ಚಿದೆ, ನಾಲ್ಕು ವರ್ಷದಿಂದ ನನ್ನ ಪಾಲಿಗೆ ಉಳಿದದ್ದು ಈ ಕೆಂಪು ಮೂಳೆ. ಅತ್ತೆ ಕೆಟ್ಟವರಲ್ಲ, ಪಾಪ, ಕಳೆದ ವರ್ಷ ಮಾವ ತೀರಿಕೊಂಡಮೇಲೆ ಒಂಟಿ, ಮಂಡಿ ನೋವು, ಮಗುವಿನ ಹಿಂದೆ ಓಡಲಾಗದೆ ಕೈಗೊಂದು ಫೋನು ಕೊಟ್ಟರು, ಅಷ್ಟೇ. ಆದರೆ ಅವನು ಅವರನ್ನು ಅಮ್ಮಾ ಅನ್ನುತ್ತಾನೆ. ನನ್ನನ್ನು ಅಕ್ಕಾ ಅನ್ನುತ್ತಾನೆ, ಹೆತ್ತವಳನ್ನು, ನಾಚಿಕೆಗೆ ನಾನೂ ಒಂದು ದಿನವೂ ತಿದ್ದಲಿಲ್ಲ, ತಪ್ಪು ನನ್ನದೇ —

ಟಕ್, ಛೇ, ಬೇರೆಯದಕ್ಕೆ ತಾಗಿತು, ಇರಲಿ ಬಿಡು, ಯಾರು ನೋಡುತ್ತಾರೆ, ಎತ್ತಿಕೊಳ್ಳುತ್ತೇನೆ — ಮೋಸ! ಎಂದಿತು ಒಲೆಯ ಪಕ್ಕದ ದನಿ, ಅದು ಬೋರಲು ಬಿದ್ದಿದೆ, ಇದು ಅಂಗಾತ, ಒಂದೇ ಥರ ಬಿದ್ದಿದ್ದಕ್ಕೇ ಹೊಡೀಬೇಕು, ತಾತ ಹೇಳಿಕೊಟ್ಟಿದ್ರು, ನಿಂಗೆ ಏನೂ ಬರಲ್ಲ! ತಲೆ ಎತ್ತಬೇಡ, ನಗಬೇಡ ಅಂದುಕೊಂಡೆ, ಹೌದಾ, ಹಾಗಿದ್ರೆ ನೀನೇ ಹೊಡೆದು ತೋರ್ಸಪ್ಪಾ ದೊಡ್ಡ ಮನುಷ್ಯ, ಅಂದೆ, ತೆವಳುತ್ತ ಬಂದ, ನಾಲಿಗೆ ತುದಿ ಕಚ್ಚಿ ಬೆರಳಿಂದ ಚಿಮ್ಮಿದ, ಟಕ್, ಗೆದ್ದ, ಮತ್ತೆ ಗೆದ್ದ, ಚಹಾ ಆರಿತು, ಕಿಟಕಿಯ ಮಂಜು ಕರಗಿತು, ರೊಟ್ಟಿ ಕೊಟ್ಟರೆ ನೋಡದೆಯೇ ಎರಡು ತುಂಡು ತಿಂದ, ಕೊನೆಗೆ ಖಾನ್ ಅವನ ಮುಷ್ಟಿಗೆ ಸೇರಿತು, ಕೇಕೆ ಹಾಕಿ ನಕ್ಕ, ಆಗಲೇ ಹಿಟ್ಟಿನ ಪೆಟ್ಟಿಗೆಯೊಳಗೆ ಫೋನು ಹಾಡತೊಡಗಿತು.

ಅತ್ತೆಯೇ, ನಾಲ್ಕು ಗಂಟೆ, ದಿನವೂ ಇದೇ ಹೊತ್ತು. ಅವನ ಕತ್ತು ಅತ್ತ ತಿರುಗಿತು. ಅಮ್ಮ, ಅಂದ. ಹೌದು, ಅಮ್ಮನೇ, ಮಾತಾಡ್ತೀಯಾ, ಅಂದೆ, ಸುಳ್ಳು ಹೇಳಿ ಗೆಲ್ಲುವುದು ಬೇಡ, ಬೀಗದ ಕೈ ಬಿಚ್ಚಿ ಕಂಬಳಿಯ ಮೇಲಿಟ್ಟೆ, ಇಟ್ಟದ್ದು ನಾನೇ, ಈ ಕೈಗಳೇ, ಎದ್ದು ಹೋದರೆ ಹೋಗಲಿ, ನಾಳೆ ಮತ್ತೆ ಮೂಳೆ ಎರಚುತ್ತೇನೆ, ನಾಡಿದ್ದೂ ಎರಚುತ್ತೇನೆ, ಇನ್ನೂ ನಾಲ್ಕು ದಿನ ಇದೆ ನನಗೆ — ಪೆಟ್ಟಿಗೆ ಹಾಡುತ್ತಿದೆ, ಅವನು ಬೀಗದ ಕೈ ನೋಡಿದ, ಮೂಳೆಗಳನ್ನು ನೋಡಿದ, ಅಮ್ಮನ ಹತ್ರ ಆಮೇಲೆ, ಅಂದ, ಈಗ ನೀನು ಎರಚಬೇಕು ಅಕ್ಕಾ, ನಿನ್ನ ಸರದಿ — ಅಕ್ಕಾ ಅಂತಲೇ ಅಂದ, ಅನ್ನಲಿ — ಮೂಳೆಗಳನ್ನೆಲ್ಲ ಬಾಚಿ ನನ್ನ ಬೊಗಸೆಗೆ ಸುರಿದ, ಕೊನೆಗೆ ಮುಷ್ಟಿ ಬಿಚ್ಚಿದ, ಕೆಂಪು ಮೂಳೆ, ಅವನ ಬೆವರಿಗೆ ಒದ್ದೆಯಾದದ್ದು, ಇನ್ನೂ ಬೆಚ್ಚಗಿದ್ದದ್ದು, ನನ್ನ ಅಂಗೈಯಲ್ಲಿ, ಕೆಂಪು ಮೂಳೆ