ಬಟ್ಟಲಿಗೆ ಬೀಳುವ ಕೀಲಿ

ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವವರನ್ನು ನನ್ನ ಇಷ್ಟು ದೀರ್ಘ ಆಯುಷ್ಯದಲ್ಲಿ ಕಂಡದ್ದು ವಿರಳ. ನಮ್ಮ ಪುಟ್ಟಿಗೆ ಮನೆಗೇ ಬಂದು ಪಾಠ ಹೇಳುತ್ತಿದ್ದ ಟೀಚರಮ್ಮ ಮಾತ್ರ ಕೇಳಿದ್ದೇ ಬಾಯಿ ಮುಚ್ಚಿ, ಕೈ ಮಡಿಲಲ್ಲಿಟ್ಟು, ಕಲ್ಲಿನಂತೆ ಕೂತುಬಿಡುತ್ತಿದ್ದರು. ನನ್ನ ಮಗ ಅವರಿಗೆ ಮೌನಗೌರಿ ಎಂದು ಹೆಸರಿಟ್ಟಿದ್ದ. "ಇವರ ಬಾಯಿಂದ ಎರಡನೇ ಮಾತು ಬೀಳೋಷ್ಟರಲ್ಲಿ ಅಕ್ಕಿ ಬೆಂದು ಅನ್ನ ಆಗಿರುತ್ತೆ, ನೋಡಮ್ಮ!"

ಮೊಣಕಾಲಿನವರೆಗೆ ಇಳಿಬಿದ್ದ ಬೂದು ಕೋಟು. ಪಕ್ಕದಲ್ಲೇ ಎಲ್ಲೋ ಕೂಸು ಮಲಗಿದೆಯೇನೋ ಎಂಬಂಥ ಮೆಲುನಡಿಗೆ. ಬಾಗಿಲಲ್ಲೇ ಕೈಗಡಿಯಾರ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಜೇಬಿಗಿಳಿಸುವರು. ಅದರ ಟಿಕ್ ಟಿಕ್ ಸದ್ದು ಪುಟ್ಟಿಯನ್ನು ಸೂಜಿಯಂತೆ ಚುಚ್ಚುತ್ತದೆಂದು ನಮಗೆ ತಿಳಿದದ್ದೇ ಅವರಿಂದ.

ಪುಟ್ಟಿ ನನ್ನ ಮಗಳ ಮಗಳು, ಆಟಿಸಂ ಇರುವ ಹುಡುಗಿ. ಸಂಜೆ ಅವಳಪ್ಪ ಬಂದು ಸ್ಕೂಟರಿನ ಕೀಲಿಯನ್ನು ಸ್ಟೀಲು ಬಟ್ಟಲಿಗೆ ಠಣ್ಣೆಂದು ಹಾಕಿದರಷ್ಟೇ ಊಟಕ್ಕೆ ಏಳುವಳು. ಎದೆನೋವೆಂದು ಆಸ್ಪತ್ರೆಗೆ ಹೋದ ಆ ಅಳಿಯ ಮರಳಲಿಲ್ಲ. "ಅಪ್ಪ ಊರಿಗೆ ಹೋಗಿದಾರೆ" ಎಂದೆವು. ಮಗು ರಾತ್ರಿಯೂಟ ಬಿಟ್ಟಿತು. ನೋಡಲಾರದೆ ನನ್ನ ಮಗ ಒಂದು ಸಂಜೆ ತಾನೇ ಕೀಲಿಯನ್ನು ಬಟ್ಟಲಿಗೆ ಹಾಕಿದ. ಪುಟ್ಟಿ ಬಾಣದಂತೆ ಓಡಿಬಂದಳು. ಅಲ್ಲಿ ಸೋದರಮಾವನನ್ನು ಕಂಡು ಚೀರಿದ ಚೀರು ಇನ್ನೂ ನನ್ನ ಕಿವಿಯಲ್ಲಿದೆ. ಆಮೇಲೆ ಅವಳು ನೀರನ್ನೂ ಮುಟ್ಟಲಿಲ್ಲ.

ಮರುದಿನ ಟೀಚರಮ್ಮ ಬಂದು ಅವಳ ಪಕ್ಕ ನೆಲದ ಮೇಲೆ ಕೂತರು.

"ಪುಟ್ಟಿ, ಅಪ್ಪ ಸತ್ತುಹೋದ್ರು. ಅವರ ಹೃದಯ ನಿಂತುಹೋಯ್ತು. ಇನ್ನು ಬರಲ್ಲ."

ನನ್ನ ಮಗಳು ಸಿಡಿದಳು. "ಎಂಥ ಬಾಯಿ ರೀ ನಿಮ್ದು! ಮಗು ಮುಂದೆ ಹಾಗನ್ನೋದಾ?"

"ಊರಿಗೆ ಹೋದೋರು ವಾಪಸ್ ಬರ್ಬೇಕಲ್ವಾಮ್ಮ? ಅವಳು ಕಾಯ್ತಾನೇ ಇದಾಳೆ."

ಪುಟ್ಟಿ ಅಳಲಿಲ್ಲ. "ಕೀಲಿ ಯಾರು ಹಾಕ್ತಾರೆ?" ಎಂದಳು.

ಹೆತ್ತಪ್ಪ ಸತ್ತರೆ ಕೀಲಿಯ ಚಿಂತೆಯೇ ಎಂದು ನನ್ನ ಮಗ ಮುಖ ತಿರುಗಿಸಿದ. ಟೀಚರಮ್ಮನ ಕಣ್ಣು ತುಂಬಿತು. ಅವರಿಗೆ ಆ ಮಾತೇ ಅಳುವಾಗಿ ಕೇಳಿಸಿತ್ತು.

"ಯಾರು ಹಾಕ್ಬೇಕು? ನೀನೇ ಹೇಳು," ಎಂದು ಕಾದರು. ಒಲೆಯ ಮೇಲೆ ಹಾಲು ಉಕ್ಕಿತು, ಯಾರೂ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಪುಟ್ಟಿ ಎದ್ದು ಕೀಲಿ ತಂದು, ಗಂಡನ ಯಾವ ವಸ್ತುವನ್ನೂ ಅದುವರೆಗೆ ಮುಟ್ಟದಿದ್ದ ನನ್ನ ಮಗಳ ಅಂಗೈಯಲ್ಲಿಟ್ಟಳು.

"ಅಮ್ಮ. ಅಪ್ಪನ ಥರ ಬೇಡ. ಮೆತ್ತಗೆ."

ಮಗಳು ಕೀಲಿಯನ್ನು ಮೆತ್ತಗೆ ಬಟ್ಟಲಿಗೆ ಇಳಿಸಿದಳು. ಪುಟ್ಟಿ ತಟ್ಟೆಯ ಮುಂದೆ ಕೂತಳು, ತಾಯಿಯೂ ಕೂತಳು.

ಸಾವಿನ ಮನೆಗೆ ಸಮಾಧಾನ ಹೊತ್ತು ತರುವವರು ಬಹಳ ಮಂದಿ. ಹೊರೆ ಇಳಿಸಿ ಹೊರಟುಬಿಡುತ್ತಾರೆ. ಟೀಚರಮ್ಮನಂಥವರು ಬರಿಗೈಯಲ್ಲಿ ಬಂದು, ಗಡಿಯಾರವನ್ನೂ ಬಿಚ್ಚಿಟ್ಟು, ತನಗೇನು ಬೇಕೆಂದು ಮಗುವೇ ಹೇಳುವ ತನಕ ಪಕ್ಕದಲ್ಲಿ ಕೂತಿರುತ್ತಾರೆ.