ತುಂಡಿನ ಮೇಲಿನ ಹೆಸರು

“ಮೊಳೆ ಇಲ್ಲದೆ ಇದು ಯಾವ ಧೈರ್ಯದಲ್ಲಿ ನಿಲ್ಲುವುದು?”

ಗಲ್ಫಿನ ಥುಕ್ಬಾದ ಮರದ ಕಾರ್ಖಾನೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಮಧ್ಯಾಹ್ನದ ನಮಾಝ್ ಮುಗಿಸಿ ಎಲ್ಲರಿಗಿಂತ ಮೊದಲು ಮರಳಿದ್ದ ಮೇಸ್ತ್ರಿ ಅಬ್ದುಲ್ಲ ಕುಂಞಿ, ಮೇಜಿನ ಮೇಲಿನ ನಕ್ಷೆಯನ್ನು ನೋಡುತ್ತ ಗಟ್ಟಿಯಾಗಿಯೇ ಕೇಳಿದ್ದ.

ಚೀನಾದ ಕಂಪನಿಯೊಂದು ಖೋಬರಿನಲ್ಲಿ ಕಟ್ಟಿಸುತ್ತಿದ್ದ ಕಚೇರಿಯ ಹಜಾರದ ನಕ್ಷೆ ಅದು. ಅವರ ಹಳೆಯ ಗುಡಿಗಳ ಸೂರಿನಡಿಯಲ್ಲಿ ಇರುವಂತೆ ಮರದ ತೋಳಿನ ಮೇಲೆ ತೋಳು, ಅದರ ಮೇಲೆ ಇನ್ನೊಂದು. ಕಂಬದ ತಲೆಯಿಂದ ಅರಳಿ ಚಾವಣಿಯನ್ನು ಹೊರುವ ಗೊಂಚಲು. ಒಂದರ ನಾಲಗೆ ಇನ್ನೊಂದರ ಕಚ್ಚಿನಲ್ಲಿ ಕೂರಬೇಕು, ಅಷ್ಟೇ. ಕಂಪನಿಯ ಲಾಂಛನವೂ ಅದೇ ಗೊಂಚಲು, ಆರು ಗೆರೆಗಳಿಗೆ ಇಳಿಸಿದ್ದು.

ಹಜಾರವನ್ನು ರೂಪಿಸಿದ ಲಿನ್ ಮೇಡಂ ಮರುದಿನ ಬಂದಳು. ಅವಳ ಇಂಗ್ಲಿಷನ್ನು ಮಂಗಳೂರಿನ ಇಂಜಿನಿಯರ್ ರೋಯ್ಸ್ಟನ್ ಕನ್ನಡಕ್ಕೆ ತಿರುಗಿಸಿದ.

“ಇವರ ಊರಲ್ಲಿ ಹಿಂದೆ ಕೋಟೆಯ ಇಟ್ಟಿಗೆಯಲ್ಲೂ ಮಾಡಿದವನ ಹೆಸರು ಇರುತ್ತಿತ್ತಂತೆ ಮೇಸ್ತ್ರಿ. ಇಲ್ಲಿಯೂ ಪ್ರತಿ ತುಂಡಿನಲ್ಲಿ ಬೇಕಂತೆ. ಯಾವ ಲಿಪಿಯಾದರೂ ಆಗುತ್ತದೆ.”

ಲಿನ್ ಇನ್ನೂ ಏನೋ ಹೇಳುತ್ತಿದ್ದಳು. ರೋಯ್ಸ್ಟನ್ ಫೋನ್ ನೋಡುತ್ತ ತಲೆಯಾಡಿಸಿದ.

ಊರಿನ ಮಸೀದಿಯ ಮಿಂಬರನ್ನು, ಪ್ರವಚನದ ಪೀಠವನ್ನು, ಕೆತ್ತಿದವನು ಕುಂಞಿ. ಅದರ ಮೇಲೆ ಇರುವುದು ದುಡ್ಡು ಕೊಟ್ಟವರ ಹೆಸರು. ಮೂವತ್ತೆಂಟು ವರ್ಷದ ಕೆಲಸದಲ್ಲಿ ಅವನ ಹೆಸರು ಇಕಾಮಾ ಎಂಬ ವಾಸದ ಪರವಾನಗಿ ಬಿಟ್ಟರೆ ಬೇರೆಲ್ಲೂ ಬರೆದಿರಲಿಲ್ಲ. ಆ ದಿನ ಅವನು ಉಳಿಯನ್ನು ಎರಡು ಸಲ ಮಸೆದ.

ಅರುವತ್ತನಾಲ್ಕು ತುಂಡುಗಳಲ್ಲಿ ಒಂಬತ್ತು ಫಾರೂಕನ ಪಾಲಿಗೆ ಬಂದವು. ಹನ್ನೆರಡು ವರ್ಷದಿಂದ ಕುಂಞಿಯ ಪಕ್ಕದ ಮೇಜಿನಲ್ಲೇ ಇದ್ದವನು, ಪ್ರಾಯ ನಲವತ್ತು ದಾಟಿತ್ತು.

“ಅಬ್ದುಲ್ಲಾಕ, ನನ್ನ ಒಂಬತ್ತಕ್ಕೆ ನನ್ನ ಹೆಸರು ಹಾಕಲಾ?”

“ನಿನ್ನ ಹೆಸರಾ? ಉಳಿಯ ಬಾಯಿ ಯಾವುದು, ಹಿಡಿ ಯಾವುದು ಅಂತ ನಿನಗೆ ತೋರಿಸಿದ್ದು ಯಾರು ಮಾರಾಯ?”

“ಒಂದರಲ್ಲಾದರೂ.”

“ನಿನ್ನ ಹೆಸರು ನೋಡಿದರೆ ಚಾವಣಿಯೇ ನಕ್ಕು ಬಿದ್ದೀತು.”

ಪಾಲಿಶ್ ಮಾಡುವ ಚನಿಯ ಎಲ್ಲರಿಗಿಂತ ಜೋರಾಗಿ ನಕ್ಕ. ಕುಂಞಿ ತನ್ನ ಹೆಸರನ್ನು ಚೀಟಿಯಲ್ಲಿ ಬರೆದು ಫಾರೂಕನ ಮುಂದಿಟ್ಟ. “ಇದನ್ನು ನೋಡಿ ಕೆತ್ತು. ಕುಂಞಿಯ ಸೊನ್ನೆ ಬಿಡಬೇಡ.”

ಫಾರೂಕ್ ಕೆತ್ತಿದ. ಸೊನ್ನೆ ಬಿಡಲಿಲ್ಲ. ಅಳತೆಯನ್ನು ಎರಡನೆಯ ಸಲ ನೋಡುವುದನ್ನು ಮಾತ್ರ ಆ ದಿನದಿಂದ ಬಿಟ್ಟ.

ಗೊಂಚಲುಗಳನ್ನು ಜೋಡಿಸಿ ಲಾರಿಗೆ ಏರಿಸುವ ಮೊದಲು ಕುಂಞಿ ಬಾಯಲ್ಲಿ ಪ್ರವಾದಿಯ ಮೇಲಿನ ಸ್ವಲಾತ್ ಹೇಳುತ್ತ ಒಂದೊಂದು ತುಂಡಿಗೂ ಮರದ ಕೊಡತಿಯಿಂದ ತಟ್ಟಿ ಕಿವಿಯಿಟ್ಟ. ಸರಿಯಾಗಿ ಕೂತ ಮರ ತುಂಬಿದ ಸ್ವರದಲ್ಲಿ ಉತ್ತರ ಕೊಡುತ್ತದೆ. ಫಾರೂಕ್ ಮಾಡಿದ ನಲವತ್ತೊಂದನೆಯದು ಕೊಡಲಿಲ್ಲ. ಅವನ ನಾಲಗೆ ಸ್ವಲಾತಿನ ನಡುವೆ ಒಂದು ಕ್ಷಣ ನಿಂತಿತು. ಬಿಚ್ಚಿದರೆ ಎರಡು ದಿನ ಬೇಕು. ಕೆಲಸ ಹೊತ್ತಿಗೆ ಮುಗಿದರೆ ಇಕಾಮಾ ಇನ್ನೊಂದು ವರ್ಷ ಎಂದು ರೋಯ್ಸ್ಟನ್ ಮಾತು ಕೊಟ್ಟಿದ್ದ. ಊರಿನಲ್ಲಿ ಹೆಂಡತಿ ಹಲೀಮತ್‌ಗೆ ವಾರಕ್ಕೆ ಎರಡು ಡಯಾಲಿಸಿಸ್. ಕುಂಞಿ ನಲವತ್ತೆರಡನೆಯದನ್ನು ತಟ್ಟಿದ.

ಹಜಾರದಲ್ಲಿ ಎ.ಸಿ. ಹಾಕಿ ಒಂಬತ್ತು ದಿನಕ್ಕೆ ಮರ ಒಣಗಿ ಕುಗ್ಗಿತು. ಗೊಂಚಲಿನಿಂದ ನಲವತ್ತೊಂದನೆಯ ತೋಳು ಕಳಚಿ ಲಿನ್ ನಿಂತಲ್ಲಿಂದ ಎರಡು ಹೆಜ್ಜೆ ಆಚೆ ನೆಲಕ್ಕೆ ಬಡಿಯಿತು. ನಾಲಗೆ ತೆಳ್ಳಗಿತ್ತು, ಸಂದಿಗೆ ಮರದ ಹುಡಿ ಕಲಸಿದ ಅಂಟು ತುಂಬಿತ್ತು, ಅದರ ಹೊಟ್ಟೆಯಲ್ಲಿ ತಲೆ ಕತ್ತರಿಸಿದ ಒಂದು ಮೊಳೆ. ಲಿನ್ ಕೂಗಾಡಲಿಲ್ಲ. ಬೊಗ್ಗಿ ತುಂಡನ್ನು ಮಗುಚಿ ಅಕ್ಷರಗಳ ಫೋಟೋ ತೆಗೆದಳು.

“ಆ ಇಟ್ಟಿಗೆಯ ಕತೆ ಅರ್ಧ ಉಳಿದಿತ್ತು,” ಎಂದ ರೋಯ್ಸ್ಟನ್, ಸಂಜೆ ಕಾರ್ಖಾನೆಯಲ್ಲಿ. ಕುಂಞಿಯ ಮುಖ ನೋಡಲಿಲ್ಲ. “ಇಟ್ಟಿಗೆ ಒಡೆದರೆ ಹಿಡಿಯುವುದು ಯಾರನ್ನು ಅಂತ ಗೊತ್ತಾಗಬೇಕಲ್ಲ, ಹೆಸರು ಅದಕ್ಕಂತೆ. ಮಾಡಿದವನಿಗೆ ಫೈನಲ್ ಎಕ್ಸಿಟ್, ಖಾಯಂ ಆಗಿ ಊರಿಗೆ. ಗುರುವಾರ.”

“ಅದು ನಾನು ಮಾಡಿದ್ದಲ್ಲ ಸಾರ್.”

“ಓದಲಿಕ್ಕೆ ನನಗೂ ಬರುತ್ತದೆ ಮೇಸ್ತ್ರಿ. ಬೇರೆಯವನು ಮಾಡಿದ್ದಾದರೆ ಅವನೇ ಬಂದು ಹೇಳಲಿ.” ತುಂಡನ್ನು ಮೇಜಿನ ಮೇಲಿಟ್ಟು ಹೋದ.

ಐವತ್ತೊಂಬತ್ತರ ಪ್ರಾಯದಲ್ಲಿ ವೀಸಾ ಕೊಡುವ ಹೊಸ ಕಫೀಲ್ ಸಿಗುವುದಿಲ್ಲ. ಕುಂಞಿ ತುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಫಾರೂಕನ ಮೇಜಿಗೆ ನಡೆದ. ಚನಿಯ ಪಾಲಿಶ್ ಬಟ್ಟೆಯನ್ನು ಕೆಳಗಿಟ್ಟು ನೋಡುತ್ತಿದ್ದ.

“ಇದು ನೀನು ಮಾಡಿದ್ದು ಅಂತ ಸಾರ್ ಹತ್ತಿರ ಒಂದು ಮಾತು ಹೇಳು ಮೋನೆ. ನಿನಗೆ ಇನ್ನೂ ಪ್ರಾಯ ಉಂಟು, ಎಲ್ಲಿಯಾದರೂ ಕೆಲಸ ಸಿಕ್ಕೀತು. ಹಲೀಮತ್‌ನ ಸಂಗತಿ ನಿನಗೆ ಗೊತ್ತಿದ್ದದ್ದೇ.”

ಫಾರೂಕ್ ಕೈಯ ಹುಡಿ ಕೊಡವಿ ತುಂಡನ್ನು ತೆಗೆದುಕೊಂಡ. ಬೆಳಕಿಗೆ ಹಿಡಿದು, ತಾನೇ ಕೆತ್ತಿದ ಅಕ್ಷರಗಳ ಮೇಲೆ ಬೆರಳಿಟ್ಟು, ಮದ್ರಸದ ಮಕ್ಕಳು ಓದುವ ಹಾಗೆ ಬಿಡಿಸಿ ಬಿಡಿಸಿ ಓದಿದ.

“ಅ. ಬ್ದು. ಲ್ಲ. ಕುಂ. ಞಿ.”

ಚನಿಯ ಈ ಸಲ ನಗಲಿಲ್ಲ.

“ಮೋನೆ, ನಿನ್ನ ಕಾಲು ಹಿಡಿಯುತ್ತೇನೆ.”

ಫಾರೂಕ್ ತುಂಡನ್ನು ಅವನ ಕೈಗೇ ತಿರುಗಿ ಇಟ್ಟ.

“ಹೇಳುವುದಿಲ್ಲ ಅಬ್ದುಲ್ಲಾಕ.”