ಏಳನೇ ಗುಂಡಿ

"ಥೂ, ದಡ್ಡ ಮುಂಡೇದೇ! ಒಂದು ಸೆನ್ಸರ್ ಹೂಳೋಕೂ ಬರಲ್ವೇನೋ? ನಿಮ್ಮ ಸೋರ್ಬ್ ಜನಕ್ಕೆ ಆಲೂಗೆಡ್ಡೆ ಹೂಳೋದೊಂದೇ ಗೊತ್ತು!"

ಡಾಕ್ಟರ್ ಲೋಮಾನ್‌ನ ಎಂಜಲು ಕೀಟೋನ ಕೆನ್ನೆಗೆ ಸಿಡಿಯಿತು. ಏಳನೇ ಗುಂಡಿಯಲ್ಲಿ ಸೊಂಟದವರೆಗೆ ಇಳಿದಿದ್ದ ಕೀಟೋ ತೋಳಿನಿಂದ ಒರೆಸಿಕೊಂಡ. ಜರ್ಮನಿಯಲ್ಲಿ ಸೋರ್ಬ್ ಜನರ ನಾಡಾದ ಲುಸಾತಿಯಾದ ಕಲ್ಲಿದ್ದಲು ಗಣಿ ಮುಚ್ಚಿ, ಮಣ್ಣು ಸುರಿದು, ಹುಲ್ಲು ಬೆಳೆಸಿದ ಗುಡ್ಡ ಅದು. ಒಳಗೆ ನೀರು ಎತ್ತ ಹರಿಯುತ್ತದೆಂದು ತಿಳಿಯಲು ಹನ್ನೆರಡು ಸೆನ್ಸರ್ ಹೂತಿದ್ದರು. ಹನ್ನೊಂದು ಒಣ ಎನ್ನುತ್ತಿದ್ದವು. ಏಳನೆಯದು ಮಾತ್ರ ತಿಂಗಳಿಂದ ನೀರು, ನೀರು ಎಂದು ಬಡಿದುಕೊಳ್ಳುತ್ತಿತ್ತು.

"ನೆಟ್ಟಗೇ ಹೂತಿದೀನಿ ಸಾಹೇಬ್ರೆ. ನೀರೈತೆ, ಅದ್ಕೆ ನೀರು ಅಂತೈತೆ."

"ನಂಗೇ ಪಾಠ ಹೇಳ್ತೀಯಾ? ಕಿತ್ತು ಮೇಲಿನ ದಿಬ್ಬದಲ್ಲಿ ಹೂಳು. ಹನ್ನೊಂದು ಗಂಟೆಗೆ ತಪಾಸಣೆ ಕಮಿಟಿ ಬರುತ್ತೆ. ಗುಡ್ಡ ಗಟ್ಟಿ ಅಂತ ಸಹಿ ಬೀಳ್ಬೇಕು."

ಸಾಹೇಬ ಕಾರಿನತ್ತ ಹೋದ. ಗುಡ್ಡದ ಬುಡದಲ್ಲಿ ಎಂಟು ಮನೆ. ಗಣಿ ನುಂಗಿದ ಊರಿನವರನ್ನು ತಂದು ಕೂರಿಸಿದ್ದು. ಒಂದು ಕೀಟೋನ ತಂಗಿ ವೊರ್ಷಾಳದು. ಅವಳೂ ಗುಂಡಿಯ ಪಕ್ಕದಲ್ಲೇ ಸಲಿಕೆ ಹಿಡಿದು ನಿಂತಿದ್ದಳು.

"ಗುಡ್ಡ ಜಾರಿದ್ರೆ ನನ್ನ ಒಲೆ ಮೇಲೇ ಬೀಳ್ತದೆ ಕಣಣ್ಣಾ. ಎಲ್ಲಿಂದ ಬಂತು ಈ ನೀರು?"

"ನನ್ನಿಂದ." ಕೀಟೋ ನಕ್ಕ. "ಇಲ್ಲಿ ನೀರು ತಡೆಯೋ ಜೇಡಿಮಣ್ಣು ಹಾಕ್ಬೇಕಿತ್ತು. ಕಂಪನಿಯೋರು ಬೇಗ ಮುಗಿಸ್ರೋ ಅಂದ್ರು, ಮರಳು ಸುರಿದೆ. ಒಳ್ಳೆ ಕೆಲಸಗಾರ ಅಂತ ಗೋಡೆ ಗಡಿಯಾರ ಕೊಟ್ರಲ್ಲ, ಅದಕ್ಕೇನೆ."

"ಅದು ಒಂದಿನಾನೂ ನೆಟ್ಟಗೆ ಓಡ್ಲಿಲ್ಲ."

"ನಂಗೆ ತಕ್ಕ ಗಡಿಯಾರ ಬಿಡು. ಅದ್ಕೂ ಮುಂಚೆ ಗಣಿ ಯಂತ್ರ ಓಡ್ಸಿ ನಮ್ಮೂರು ಬಗೆದೋನೂ ನಾನೇ. ಅಜ್ಜಿ ಹಿತ್ತಲ ಪೇರ್ ಮರ ಯಂತ್ರದ ಬಾಯಿಗೆ ಬಂದಾಗ ಏನ್ಮಾಡ್ದೆ ಗೊತ್ತಾ? ಹಾರ್ನ್ ಹೊಡೆದೆ!"

"ಕತ್ತೆ ನನ್ಮಗನೆ," ಎಂದಳು ವೊರ್ಷಾ. ನಗಲಿಲ್ಲ.

ಕೀಟೋ ಸೆನ್ಸರ್ ಕಿತ್ತ. ಹೇಳಿದಲ್ಲೇ ಹೂತ. ನಲವತ್ತು ವರ್ಷದ ಅಭ್ಯಾಸ. ಕೈಗಳು ಅವನನ್ನು ಕೇಳಲೇ ಇಲ್ಲ. ವೊರ್ಷಾ ಅವನ ಮುಖ ನೋಡದೆ ಹಳೆಯ ಗುಂಡಿಗೆ ಹಸಿಮಣ್ಣು ಎಳೆದು ಹುಲ್ಲು ಹೊದಿಸಿದಳು.

ಹನ್ನೊಂದಕ್ಕೆ ಕಮಿಟಿ ಬಂತು. ಲೋಮಾನ್ ಪರದೆ ತೋರಿಸಿದ. ಹನ್ನೆರಡೂ ಒಣ. ಪೆನ್ನು ಹೊರಬಂತು.

ಕೀಟೋ ಏಳನೇ ಗುಂಡಿಯ ಹುಲ್ಲಿನ ಮೇಲೆ ಧೊಪ್ಪನೆ ಕುಳಿತ. ನೆಲ ಪಚಕ್ ಎಂದಿತು.

"ಏಯ್, ಕುಡಿದಿದೀಯೇನೋ? ಏಳೋ ಮೇಲೆ!"

"ಒಂದ್ನಿಮಿಷ ಸಾಹೇಬ್ರೆ. ಅಳೀತಾ ಇದೀನಿ."

ತುಕ್ಕುಬಣ್ಣದ ನೀರು ತಣ್ಣಗೆ ಚಡ್ಡಿಯೊಳಗೆ ಇಳಿಯಿತು. ಕೀಟೋ ಎದ್ದು, ಕಮಿಟಿಗೆ ಬೆನ್ನು ಮಾಡಿ ಬಾಗಿದ. ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏಳನೇ ಸೆನ್ಸರ್ ಇಲ್ಲೈತೆ, ನೋಡ್ಕಳಿ. ಬ್ಯಾಟರಿ ಬೇಡ. ನಲವತ್ತು ವರ್ಷ ಒದೆಸ್ಕೊಂಡೈತೆ, ಇನ್ನೂ ಕೆಟ್ಟಿಲ್ಲ."

ಪೆನ್ನು ಗಾಳಿಯಲ್ಲೇ ನಿಂತಿತು. ವೊರ್ಷಾ ಸಲಿಕೆ ಬಿಸಾಕಿ ಬಂದು, ಅದೇ ಕೆಸರಿನಲ್ಲಿ ಕುಳಿತಳು.

"ಹದಿಮೂರನೇದು," ಎಂದಳು.